ಹುಂಜ ಮೈಮೇಲೆ ಎಗರುವುದು ಮರಿಗಳನ್ನು ಕಾಯುವುದಕ್ಕೇ?

ಮರಿಗಳು ಅಂಗಳಕ್ಕಿಳಿದ ಮೇಲೆ ಹುಂಜ ಮನೆಯವರ ಮೇಲೇ ಎಗರತೊಡಗಿತು ಅನ್ನುವವರು ಸಾಮಾನ್ಯವಾಗಿ ಕೊಡುವ ಕಾರಣ ಒಂದೇ: ಅದು ಮರಿಗಳನ್ನು ಕಾಯುತ್ತಿದೆ. ಕೆಲವು ಸಲ ಇದು ನಿಜ, ಬಹಳ ಸಲ ಅಲ್ಲ. ಎರಡನ್ನೂ ಬೇರೆ ಮಾಡಿ ನೋಡಲು ಬಾರದಿದ್ದರೆ ಒಳ್ಳೆಯ ಹುಂಜವನ್ನು ಸುಮ್ಮನೆ ಕಳೆದುಕೊಳ್ಳುತ್ತೇವೆ, ಅಪಾಯದ ಹುಂಜವನ್ನು ಮಕ್ಕಳು ಓಡಾಡುವ ಕಡೆ ಬಿಟ್ಟುಕೊಳ್ಳುತ್ತೇವೆ.

ಮರಿಗಳನ್ನು ನೇರವಾಗಿ ಕಾಯುವುದು ತಾಯಿಕೋಳಿ. 21 ದಿನ ಕಾವು ಕೂತು, ಆಮೇಲೆ ಸುಮಾರು ಆರರಿಂದ ಎಂಟು ವಾರ ರೆಕ್ಕೆಯಡಿ ಬೆಚ್ಚಗಿಟ್ಟು, ಮೇಯುವುದನ್ನು ಕಲಿಸುವುದೂ ಅದೇ. ಹತ್ತಿರ ಬಂದದ್ದು ನಾಯಿಯಾಗಲಿ, ಹುಂಜವೇ ಆಗಲಿ, ಮೈಯ ಗರಿಯೆಲ್ಲ ಕೆದರಿಕೊಂಡು ನುಗ್ಗುತ್ತದೆ. ಹುಂಜ ಕಾವಿಗೆ ಕೂರುವುದಿಲ್ಲ. ಮರಿಗಳ ವಿಷಯದಲ್ಲಿ ಹೆಚ್ಚಿನ ಹುಂಜಗಳು ಅತ್ತ ಪ್ರೀತಿಯೂ ಅಲ್ಲ, ಇತ್ತ ದ್ವೇಷವೂ ಅಲ್ಲ ಎಂಬಂತೆ ಇದ್ದುಬಿಡುತ್ತವೆ. ಕೆಲವು ಮಾತ್ರ ಹುಳ ಸಿಕ್ಕಾಗ ಟುಕ್ ಟುಕ್ ಎಂದು ಕರೆದು, ಅದನ್ನು ಕೊಕ್ಕಲ್ಲಿ ಎತ್ತಿ ಎತ್ತಿ ಕೆಳಗೆ ಹಾಕುತ್ತವೆ. ಆ ಕರೆ ಮುಖ್ಯವಾಗಿ ಹೇಂಟೆಗಳಿಗೆ. ಮರಿಗಳೂ ಓಡಿಬಂದು ಪಾಲು ಪಡೆಯುತ್ತವೆ.

ಹುಂಜದ ನಿಜವಾದ ಕೆಲಸ ಇಡೀ ಗುಂಪಿಗೆ ಕಾವಲು. ಉಳಿದವು ತಲೆ ತಗ್ಗಿಸಿ ಕೆದಕುತ್ತಿರುವಾಗ ಹುಂಜ ಕತ್ತು ಓರೆ ಮಾಡಿ, ಒಂದೇ ಕಣ್ಣನ್ನು ಆಕಾಶಕ್ಕೆ ತಿರುಗಿಸಿ ನಿಂತಿರುತ್ತದೆ. ಹದ್ದು ಕಂಡರೆ ತೆಳ್ಳಗೆ ಎಳೆದು, ಸಿಳ್ಳೆ ಹಾಕಿದಂತೆ ಕೂಗುತ್ತದೆ. ಕೋಳಿಗಳು ಇದ್ದಲ್ಲೇ ಕುಕ್ಕರಿಸುತ್ತವೆ ಅಥವಾ ಪೊದೆಗೆ ನುಗ್ಗುತ್ತವೆ. ನಾಯಿ, ಮುಂಗುಸಿಯಂಥ ನೆಲದ ಶತ್ರು ಕಂಡಾಗ ಕೂಗೇ ಬೇರೆ: ತುಂಡು ತುಂಡಾಗಿ, ಜೋರಾಗಿ, ಮತ್ತೆ ಮತ್ತೆ. ಅದನ್ನು ಕೇಳಿದ ಕೋಳಿಗಳು ಬಚ್ಚಿಟ್ಟುಕೊಳ್ಳದೆ ಕತ್ತೆತ್ತಿ ನಿಂತು ನೋಡುತ್ತವೆ. ಹತ್ತಿರ ಹೇಂಟೆ ಇದ್ದಾಗ ಹುಂಜ ಹದ್ದಿನ ಕೂಗನ್ನು ಹೆಚ್ಚು ಹಾಕುತ್ತದೆ, ಒಂಟಿಯಾಗಿದ್ದರೆ ಕಡಿಮೆ.

ಈಗ ಮನುಷ್ಯರ ವಿಷಯ. ಕಾವಲಿನ ಎಗರಾಟಕ್ಕೆ ಕಣ್ಣಿಗೆ ಕಾಣುವ ಕಾರಣ ಇರುತ್ತದೆ: ನೀವು ಹೇಂಟೆಯನ್ನು ಹಿಡಿದಿರಿ, ಅದು ಕಿರುಚಿತು, ಮರಿಯನ್ನು ಎತ್ತಿದಿರಿ, ಅದು ಚೀರಿತು. ಕೈಬಿಟ್ಟು ಹಿಂದೆ ಸರಿದರೆ ಹುಂಜವೂ ನಿಲ್ಲುತ್ತದೆ. ಇಂಥದ್ದಕ್ಕೆ ಹುಂಜವನ್ನು ದೂರುವುದು ಅನ್ಯಾಯ, ನಮ್ಮ ರೀತಿಯನ್ನು ಬದಲಿಸಿದರೆ ಸಾಕು. ಕೋಳಿ ಹಿಡಿಯುವ ಕೆಲಸವನ್ನು ಕತ್ತಲಾದ ಮೇಲೆ, ಅವು ಕೂರುಗೋಲಿನ ಮೇಲಿದ್ದಾಗ ಮಾಡಿ. ಮರಿಗಳನ್ನು ನೋಡುವ ಮೊದಲು ಹುಂಜವನ್ನು ಬೇರೆ ಕಡೆ ಕೂಡಿಹಾಕಿ.

ಇನ್ನೊಂದು ಬಗೆಯ ಹುಂಜ ನಿಮ್ಮನ್ನು ಹುಡುಕಿಕೊಂಡೇ ಬರುತ್ತದೆ. ಮರಿ, ಹೇಂಟೆ ಎಲ್ಲೋ ಇರುತ್ತವೆ, ಇದು ಬಾಗಿಲ ಬಳಿ ಕಾದಿರುತ್ತದೆ. ನೀವು ಬೆನ್ನು ತಿರುಗಿಸಿದ ಮೇಲೆ ಹಿಂದಿನಿಂದ ಬರುತ್ತದೆ. ನಿಮ್ಮನ್ನು ಮತ್ತೊಂದು ಹುಂಜವೆಂದು ಎಣಿಸಿ ಜಾಗಕ್ಕಾಗಿ ಕಾದಾಡುವುದು ಇದು. ಬೇರೆ ಕೋಳಿಗಳಿಲ್ಲದೆ ಮುದ್ದಿನಿಂದ ಕೈಯಲ್ಲೇ ಬೆಳೆದ ಹುಂಜಗಳಲ್ಲಿ ಈ ಗುಣ ಹೆಚ್ಚು, ಏಕೆಂದರೆ ಅವಕ್ಕೆ ಮನುಷ್ಯರ ಅಂಜಿಕೆಯೇ ಇರುವುದಿಲ್ಲ. ನಾಲ್ಕರಿಂದ ಆರು ತಿಂಗಳ ಪ್ರಾಯದಲ್ಲಿ, ಹಾರ್ಮೋನು ಏರುವಾಗ, ಇದು ತಲೆ ಎತ್ತುತ್ತದೆ.

ಎಗರುವ ಮುಂಚೆ ಹುಂಜ ಸೂಚನೆ ಕೊಡುತ್ತದೆ. ಅಡ್ಡಡ್ಡ ನಿಂತು ಮೈ ತೋರಿಸುತ್ತದೆ, ಒಂದು ರೆಕ್ಕೆಯನ್ನು ನೆಲಕ್ಕೆ ತಾಗುವಂತೆ ಇಳಿಸಿ ಪಕ್ಕಕ್ಕೆ ಹೆಜ್ಜೆ ಹಾಕುತ್ತದೆ, ಕಾಳೇ ಇಲ್ಲದ ನೆಲವನ್ನು ಕುಕ್ಕುತ್ತದೆ. ಕತ್ತಿನ ಗರಿ ಅರಳಿ ತಲೆ ತಗ್ಗಿತೆಂದರೆ ಮುಂದಿನ ಗಳಿಗೆಯಲ್ಲಿ ಎರಡೂ ಕಾಲು ಮುಂದೆ ಮಾಡಿ ಹಾರುತ್ತದೆ.

ಆಗ ಓಡಬೇಡಿ. ಓಡಿದರೆ ಗೆದ್ದೆ ಎಂದು ಅದು ಕಲಿಯುತ್ತದೆ. ಒದ್ದರೆ, ಕೋಲಿನಿಂದ ಹೊಡೆದರೆ ಕಾಳಗಕ್ಕೆ ಒಪ್ಪಿಕೊಂಡ ಹಾಗೆ. ಮರುದಿನ ಇನ್ನೂ ಜೋರಾಗಿ ಬರುತ್ತದೆ. ಒಂದು ಹಲಗೆ ಅಥವಾ ಬುಟ್ಟಿಯ ಮುಚ್ಚಳವನ್ನು ಮೊಣಕಾಲ ಮುಂದೆ ಅಡ್ಡ ಹಿಡಿದು ಅಲುಗದೆ ನಿಲ್ಲಿ, ಆಮೇಲೆ ನಿಧಾನವಾಗಿ ಅದರತ್ತಲೇ ನಡೆಯಿರಿ. ಹುಂಜ ದಾರಿ ಬಿಡಬೇಕು, ನೀವಲ್ಲ. ಹಿಡಿಯಲು ಸಾಧ್ಯವಾದರೆ ರೆಕ್ಕೆಗಳೆರಡನ್ನೂ ಮೈಗೆ ಒತ್ತಿ ಕಂಕುಳಲ್ಲಿ ಇರುಕಿಕೊಳ್ಳಿ, ಕಾಲುಗಳು ಕೈಯಲ್ಲಿರಲಿ, ಅದರ ಕೊಕ್ಕಿಗೆ ನಿಮ್ಮ ಮುಖ ಸಿಗದಿರಲಿ. ಕೊಸರಾಟ ನಿಂತು ಮೈ ಸಡಿಲವಾಗುವ ತನಕ ಇಳಿಸಬೇಡಿ. ನಡುವೆ ಬಿಟ್ಟರೆ ಕೊಸರಿದ್ದಕ್ಕೆ ಫಲ ಸಿಕ್ಕಂತಾಗುತ್ತದೆ.

ಚಿಕ್ಕ ಮಕ್ಕಳನ್ನು ಇಂಥ ಹುಂಜದ ಹತ್ತಿರ ಬಿಡಲೇಬಾರದು. ಹಾರಿದ ಹುಂಜದ ಕಾಲಿನ ಹಿಂಬದಿಯ ಚೂಪಾದ ಮುಳ್ಳು ನಿಲುಕುವುದು ಅವರ ಕಣ್ಣಿನ ಮಟ್ಟಕ್ಕೆ. ಮುಳ್ಳು ಚುಚ್ಚಿದ ಗಾಯ ಹೊರಗೆ ಸಣ್ಣದು, ಒಳಗೆ ಆಳ. ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು, ಟೆಟನಸ್ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿ. ಮುಳ್ಳನ್ನು ಮೊಂಡು ಮಾಡುವಾಗ ತುದಿಯ ಕೆಲವೇ ಮಿಲಿಮೀಟರ್ ಉಜ್ಜಿ. ಒಳಗೆ ರಕ್ತವಿರುವ ಎಲುಬಿದೆ, ಬುಡದ ತನಕ ಕತ್ತರಿಸಿದರೆ ರಕ್ತ ನಿಲ್ಲುವುದು ಕಷ್ಟ.

ಮರಿಗಳನ್ನು ಹುಂಜದ ಜೊತೆ ಬಿಡುವಾಗ ಅವು ಎಲ್ಲಿ ಹುಟ್ಟಿದವು ಎಂಬುದು ಮುಖ್ಯ. ಗುಂಪಿನಲ್ಲೇ ಮೊಟ್ಟೆಯೊಡೆದು ಬಂದು ತಾಯಿಯ ಜೊತೆ ಇರುವ ಮರಿಗಳಿಗೆ ತೊಂದರೆ ಕಡಿಮೆ. ಬಲ್ಬಿನ ಕಾವಿನಲ್ಲಿ ಬೆಳೆದವು ಗುಂಪಿಗೆ ಅಪರಿಚಿತರು. ಅವು ಗರಿ ತುಂಬಿಕೊಂಡ ಮೇಲೆ ಒಂದೆರಡು ವಾರ ತಂತಿ ಜಾಲರಿಯ ಆಚೆ ಈಚೆ ಇಟ್ಟು ಆಮೇಲೆ ಬಿಡಿ, ಅದೂ ನೀವು ನಿಂತು ನೋಡಬಹುದಾದ ಹೊತ್ತಿನಲ್ಲಿ. ಒಂದು ಸಲ ಕುಕ್ಕಿ ಹುಂಜ ತನ್ನ ಪಾಡಿಗೆ ಹೋದರೆ ಅದು ಎಚ್ಚರಿಕೆ ಅಷ್ಟೇ. ಅಟ್ಟಿಸಿಕೊಂಡು ಹೋಗಿ ತಲೆಗೇ ಕುಕ್ಕಿದರೆ, ಕತ್ತು ಹಿಡಿದು ಕೊಡವಿದರೆ, ರಕ್ತ ಕಂಡರೆ ತಕ್ಷಣ ಬೇರ್ಪಡಿಸಿ. ಬಹಳಷ್ಟು ಜಗಳ ಆಹಾರದ ಬಳಿಯೇ ಆಗುವುದು. ಮರಿಗಳಷ್ಟೇ ತೂರುವಂತೆ ಐದಾರು ಸೆಂಟಿಮೀಟರ್ ಸಂದು ಬಿಟ್ಟ ಒಂದು ಗೂಡಿನೊಳಗೆ ಮರಿ ಆಹಾರ ಇಡಿ, ಮರಿಗಳು ಬೆಳೆದಂತೆ ಸಂದನ್ನೂ ಹಿಗ್ಗಿಸಿ. ಮೊಟ್ಟೆ ಕೋಳಿಯ ಆಹಾರದಲ್ಲಿ ಕ್ಯಾಲ್ಸಿಯಂ ಹೆಚ್ಚು, ಅದು ಮರಿಗಳ ಮೂತ್ರಪಿಂಡಕ್ಕೆ ಹಾನಿ.

ಒಂದು ಹುಂಜಕ್ಕೆ ಎಂಟರಿಂದ ಹತ್ತು ಹೇಂಟೆ ಇರಲಿ. ಇಷ್ಟೆಲ್ಲ ಮಾಡಿ ತಿಂಗಳು ಕಳೆದರೂ ಬೆನ್ನ ಹಿಂದಿನಿಂದ ಬರುವುದು ನಿಲ್ಲದ ಹುಂಜವನ್ನು ಗುಂಪಿನಿಂದ ತೆಗೆದುಬಿಡಿ. ಜಗಳಗಂಟಿತನ ಸ್ವಲ್ಪ ಮಟ್ಟಿಗೆ ಸಂತಾನಕ್ಕೂ ಇಳಿಯುವುದರಿಂದ ಅದರ ಮೊಟ್ಟೆಗಳನ್ನು ಕಾವಿಗೆ ಇಡಬೇಡಿ. ಹೇಂಟೆಗಳು ಅದರಿಂದ ಬೇರೆಯಾದ ಮೇಲೂ ಎರಡು ಮೂರು ವಾರ ಅದರ ಬೀಜದ ಮೊಟ್ಟೆಗಳನ್ನೇ ಇಡಬಹುದು, ಹಾಗಾಗಿ ಅಲ್ಲಿಯವರೆಗಿನ ಮೊಟ್ಟೆ ಅಡುಗೆಗೆ ಹೋಗಲಿ.