ಬಾಯಿಂದ ಉಣ್ಣದವರಿಗೂ ಹಲ್ಲುಜ್ಜಿಸಬೇಕು

ಅಡ್ಮಿಟ್ ಆಗಿ 48 ಗಂಟೆ ಕಳೆದ ಮೇಲೆ ಶುರುವಾಗುವ ನ್ಯುಮೋನಿಯಾ ಬಹುತೇಕ ರೋಗಿಯ ಬಾಯಿಂದಲೇ ಬರುತ್ತದೆ. ಬಾಯಲ್ಲಿ ಬೆಳೆದ ಕ್ರಿಮಿಗಳು ಜೊಲ್ಲಿನ ಜೊತೆ, ನಿದ್ದೆಯಲ್ಲಿ, ಗೊತ್ತೇ ಆಗದಂತೆ ಶ್ವಾಸಕೋಶಕ್ಕೆ ಇಳಿಯುತ್ತವೆ. ಗಟ್ಟಿಮುಟ್ಟಾದವರು ತಡೆದುಕೊಳ್ಳುತ್ತಾರೆ. ಕಿಮೋ ಆಗಿ ಕೌಂಟ್ (ರಕ್ತದಲ್ಲಿನ ಬಿಳಿ ಕಣಗಳ ಸಂಖ್ಯೆ) ಇಳಿದವರಿಗೆ ಅಷ್ಟೇ ಸಾಕು. ಕ್ಯಾನ್ಸರ್ ವಾರ್ಡಿನ ನರ್ಸ್ ಆಗಿ ನಾನು ಬ್ರಷ್ಷಿನ ಬಗ್ಗೆ ಇಷ್ಟು ಹಟ ಹಿಡಿಯುವುದು ಇದಕ್ಕೇ.

ಕಷ್ಟವೆಂದರೆ ಅದೇ ಕಿಮೋದಿಂದ ಬಾಯೆಲ್ಲ ಹುಣ್ಣಾಗಿರುತ್ತದೆ. ನೀರು ತಾಗಿದರೂ ಉರಿ. "ಸಿಸ್ಟರ್, ಇವತ್ತೊಂದಿನ ಬಿಡ್ರಿ" ಅಂತಾರೆ. ಡಾಕ್ಟರ್ ಬರೆದ ನೋವು ಮರಗಟ್ಟಿಸುವ ಔಷಧಿಯಿಂದ ಮೊದಲು ಬಾಯಿ ಮುಕ್ಕಳಿಸಿ ಉಗುಳಿಸುತ್ತೇನೆ. ಆಮೇಲೆ ತೀರಾ ಮೆತ್ತನೆಯ ಬ್ರಷ್ಷನ್ನು ಬೆಚ್ಚಗಿನ ನೀರಲ್ಲಿ ಅದ್ದಿ ನಿಧಾನಕ್ಕೆ ಉಜ್ಜುತ್ತೇನೆ. ಪ್ಲೇಟ್‌ಲೆಟ್ ಕಮ್ಮಿಯಾಗಿ ಒಸಡಲ್ಲಿ ರಕ್ತ ಬರುತ್ತಿದ್ದರೆ ಬ್ರಷ್ ಬದಲು ಒದ್ದೆ ಗಾಜ್ ಬಟ್ಟೆ. ಕಟ್ಟಿಸಿದ ಹಲ್ಲಿದ್ದರೆ ರಾತ್ರಿ ತೆಗೆದಿಡಿಸಬೇಕು.

ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಆಹಾರ ಕೊಡುವ ನಳಿಗೆ) ಹಾಕಿದವರ ಬಾಯಿಯನ್ನು ಎಲ್ಲರೂ ಮೊದಲು ಮರೆಯುತ್ತಾರೆ. "ಬಾಯಿಲೆ ಏನೂ ತಿನ್ನಂಗಿಲ್ಲ, ಹಲ್ಲ ಯಾಕ ತಿಕ್ಕಬೇಕ್ರಿ?" ಎಂದು ಅಟೆಂಡರ್‌ಗಳು ಕೇಳುತ್ತಾರೆ. ಅಗಿಯುವುದು ನಿಂತು ಜೊಲ್ಲು ಒಣಗಿದ ಬಾಯಲ್ಲೇ ಪಾಚಿ ಜಾಸ್ತಿ ಕಟ್ಟುತ್ತದೆ. ಒಮ್ಮೆ ಟಾರ್ಚ್ ಬಿಟ್ಟು ನಾಲಿಗೆ ತೋರಿಸಿದರೆ ಮತ್ತೆ ಕೇಳುವುದಿಲ್ಲ.

15 ಪ್ರಯೋಗಗಳನ್ನು ಒಟ್ಟಿಗೆ ನೋಡಿ 2023ರಲ್ಲಿ ಬಂದ ವಿಶ್ಲೇಷಣೆಯೊಂದರಲ್ಲಿ, ದಿನಾ ಹಲ್ಲುಜ್ಜಿಸಿದವರಲ್ಲಿ ಆಸ್ಪತ್ರೆಯ ನ್ಯುಮೋನಿಯಾ ಸುಮಾರು ಮೂರರಲ್ಲೊಂದು ಪಾಲು ಕಮ್ಮಿ ಇತ್ತು. ಲಾಭ ಎದ್ದು ಕಂಡಿದ್ದು ವೆಂಟಿಲೇಟರ್ ಮೇಲಿದ್ದವರಲ್ಲಿ, ನಿಜ. ಆದರೂ ನಮ್ಮ ವಾರ್ಡಿನಲ್ಲಿ ಇದನ್ನು ಬಿಡಲು ನಾನು ಒಪ್ಪುವುದಿಲ್ಲ.

ಟ್ಯೂಬಲ್ಲಿ ಫೀಡ್ ಕೊಡುವಾಗ ಅದು ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿಯದಂತೆ ತಲೆಭಾಗ 30ರಿಂದ 45 ಡಿಗ್ರಿ ಎತ್ತಿರಬೇಕು ಎನ್ನುವುದು ಎಲ್ಲರಿಗೂ ಗೊತ್ತು. ಆದರೆ ಹ್ಯಾಂಡಲ್ ತಿರುಗಿಸಿ ಎತ್ತಿದ ಸ್ವಲ್ಪ ಹೊತ್ತಿಗೆ ರೋಗಿ ಕೆಳಗೆ ಜಾರಿ, ಹೊಟ್ಟೆ ಮಡಚಿ ಕೂತಿರುತ್ತಾರೆ. ಹಾಸಿಗೆ ಎತ್ತರದಲ್ಲಿದೆ, ಎದೆ ಮಾತ್ರ ಇಲ್ಲ. ಮೊದಲು ಇಬ್ಬರು ಹಿಡಿದು ಮೇಲಕ್ಕೆ ಎಳೆದು, ಮೊಣಕಾಲ ಕೆಳಗೆ ದಿಂಬು ಕೊಟ್ಟು, ಆಮೇಲೆ ಎತ್ತಬೇಕು.

ಹೊಸದಾಗಿ ಸೇರಿದ ಸಿಸ್ಟರ್‌ಗಳಿಗೆ ಇನ್ನೊಂದು ಮಾತು: ಕೌಂಟ್ ಬಿದ್ದವರಲ್ಲಿ ನ್ಯುಮೋನಿಯಾ ಗುರುತಿಸಲು ಕಫ ಬರಲಿ ಎಂದು ಕಾಯಬೇಡಿ. ಕಫ ಕಟ್ಟಲು ಬೇಕಾದ ಬಿಳಿ ರಕ್ತಕಣಗಳೇ ಇಲ್ಲದಿರುವಾಗ ಎಕ್ಸ್‌ರೇ ಕೂಡ ಮೊದಮೊದಲು ಸರಿಯಾಗೇ ಕಾಣಬಹುದು. ಜ್ವರ 100.4 ದಾಟಿದರೆ, ಇಲ್ಲವೇ ಉಸಿರಾಟ ಜೋರಾದರೆ, ರೌಂಡ್ಸ್‌ವರೆಗೂ ಕಾಯದೆ ಆಗಲೇ ಡಾಕ್ಟರ್‌ಗೆ ಫೋನ್ ಮಾಡಿ.