ಹಳೇ ಡೆಲ್ಫಿ ಲೆಕ್ಕ ಬ್ರೌಸರ್‌ನಲ್ಲಿ ಓಡುತ್ತದಾ?

ಗಂಗಾವತಿ, ಸಿಂಧನೂರು ಕಡೆ ರೈಸ್‌ಮಿಲ್ಲು, ಅಡತಿ ಅಂಗಡಿಗಳ ಸಾಫ್ಟ್‌ವೇರ್ ನೋಡಿಕೊಳ್ಳುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ: ಡೆಲ್ಫಿಯಲ್ಲಿ (ಪಾಸ್ಕಲ್ ಭಾಷೆಯಲ್ಲಿ ವಿಂಡೋಸ್ ಪ್ರೋಗ್ರಾಂ ಬರೆಯುವ ಸಾಧನ) ಇರುವ ಭತ್ತದ ಲೆಕ್ಕವನ್ನು ಹೊಸದಾಗಿ ಬರೆಯದೆ ಮೊಬೈಲ್ ಬ್ರೌಸರ್‌ಗೆ ತರಬಹುದೇ?

ಲೆಕ್ಕ ಬರುತ್ತದೆ, ಫಾರ್ಮು, ಅಂದರೆ ಪರದೆಯ ಕಿಟಕಿ, ಬರುವುದಿಲ್ಲ. ಫ್ರೀ ಪಾಸ್ಕಲ್ ತಂಡದ ಪಾಸ್‌ಟುಜೆಎಸ್ (pas2js) ಎಂಬ ಕಂಪೈಲರ್ ಪಾಸ್ಕಲ್ ಕೋಡನ್ನು ಜಾವಾಸ್ಕ್ರಿಪ್ಟಿಗೆ ಬದಲಿಸುತ್ತದೆ. ಕ್ಲಾಸು, ಎಕ್ಸೆಪ್ಶನ್ ಸರಾಗವಾಗಿ ಹೋಗುತ್ತವೆ. ಡೆಲ್ಫಿಯ ಪರದೆ ಕಟ್ಟುವ ಲೈಬ್ರರಿಯಾದ ವಿಸಿಎಲ್‌ನ ಫಾರ್ಮು, ಡೇಟಾ ಇಡುವ ಡಿಬಿಎಫ್ ಫೈಲಿನ ಟೇಬಲ್ಲು ಮಾತ್ರ ಅಲ್ಲಿಲ್ಲ. ಡೇಟಾಕ್ಕೆ ಬೇರೆ ಸರ್ವರ್ ಬೇಕೇ ಬೇಕು. ಆದ್ದರಿಂದ ಮೊದಲು ಬಟನ್ ಕ್ಲಿಕ್ಕಿನೊಳಗೆ ಹುದುಗಿರುವ ಲೆಕ್ಕವನ್ನು ಬಿಡಿಸಿ ಬೇರೆ ಯೂನಿಟ್ಟಿಗೆ (ಪಾಸ್ಕಲ್‌ನ ಪ್ರತ್ಯೇಕ ಕೋಡ್ ಫೈಲು) ಫಂಕ್ಷನ್ ಆಗಿ ಹಾಕಿ. 75 ಕೆಜಿ ಚೀಲದ ದರ, ನಿವ್ವಳ ತೂಕ, ಹಮಾಲಿ ಕೊಟ್ಟರೆ ಮೊತ್ತ ಬರಬೇಕು. ಆ ಫಂಕ್ಷನ್ ಎಡಿಟ್ ಬಾಕ್ಸಿನ ಗೊಡವೆಗೇ ಹೋಗಬಾರದು. ಈ ಕೆಲಸಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ, ಅವಸರ ಮಾಡಬೇಡಿ.

ಕಂಪೈಲ್ ಮಾಡುವಾಗ ಟಾರ್ಗೆಟ್ ಬ್ರೌಸರ್ ಎಂದು ಕೊಡಿ. ‘-ಜೆಸಿ’ (-Jc) ಆಯ್ಕೆ ಎಲ್ಲ ಯೂನಿಟ್ಟುಗಳನ್ನೂ ಒಂದೇ ಫೈಲಿಗೆ ಸೇರಿಸುತ್ತದೆ, ‘-ಜೆಐ’ (-Ji) ಪ್ರೋಗ್ರಾಂ ಓಡಲು ಬೇಕಾದ ರನ್‌ಟೈಮ್ ಫೈಲನ್ನು ಅದರ ತಲೆಗೆ ಹಾಕುತ್ತದೆ. ಜೆ ದೊಡ್ಡಕ್ಷರವೇ ಇರಲಿ. ಪುಟ ಲೋಡ್ ಆದ ಮೇಲೆ ಆ ರನ್‌ಟೈಮ್‌ನ (ಆರ್‌ಟಿಎಲ್) ‘ರನ್’ ಕರೆಯದಿದ್ದರೆ ಪ್ರೋಗ್ರಾಂ ಶುರುವಾಗುವುದೇ ಇಲ್ಲ, ಎರರ್ ಕೂಡ ಕಾಣುವುದಿಲ್ಲ.

‘-ಜೆಸಿ’ ಹಾಕಿದಾಗ ಪಾಸ್ಕಲ್ ಕೋಡು ಎಲ್ಲೂ ಬಳಸದ ಫಂಕ್ಷನ್ ಔಟ್‌ಪುಟ್‌ನಿಂದ ಮಾಯವಾಗುತ್ತದೆ. ಎಚ್‌ಟಿಎಂಎಲ್‌ನ ಆನ್‌ಕ್ಲಿಕ್‌ನಿಂದಷ್ಟೇ ಕರೆದಿದ್ದರೆ ಕಂಪೈಲರ್‌ಗೆ ಅದು ತಿಳಿಯುವುದಿಲ್ಲ. ಬಟನ್ನಿಗೆ ಹ್ಯಾಂಡ್ಲರನ್ನು (ಒತ್ತಿದಾಗ ಓಡುವ ಕೋಡು) ಪಾಸ್ಕಲ್‌ನಲ್ಲೇ ಕಟ್ಟಿದರೆ ಈ ತೊಂದರೆ ಇಲ್ಲ.

ಹೆಚ್ಚು ಜನ ಎಡವುವುದು ಹಣದ ಮೊತ್ತ ಇಡುವ ಕರೆನ್ಸಿ ಟೈಪಿನಲ್ಲಿ. ಒಳಗೆ ಅದು 10,000ದಿಂದ ಗುಣಿಸಿದ ಸಂಖ್ಯೆ. ಪಾಸ್ಕಲ್ ಕೋಡಿನಲ್ಲಿ ಭಾಗಾಕಾರವನ್ನು ಕಂಪೈಲರೇ ನೋಡಿಕೊಳ್ಳುತ್ತದೆ; ‘ಎಎಸ್‌ಎಂ’ (asm) ಬ್ಲಾಕಿನೊಳಗೆ ನೇರ ಜಾವಾಸ್ಕ್ರಿಪ್ಟ್ ಬರೆದರೆ 1,725 ರೂಪಾಯಿ ದರ 1,72,50,000 ಆಗಿ ಕೈಗೆ ಬರುತ್ತದೆ. ಜಾವಾಸ್ಕ್ರಿಪ್ಟಿನ ಪೂರ್ಣಾಂಕ 53 ಬಿಟ್‌ವರೆಗೆ ಮಾತ್ರ ನಿಖರ, ಹಾಗಾಗಿ ಕರೆನ್ಸಿ ಸುಮಾರು 90 ಸಾವಿರ ಕೋಟಿ ರೂಪಾಯಿವರೆಗೆ ನಂಬಬಹುದು. ಮಿಲ್ಲಿನ ಲೆಕ್ಕಕ್ಕೆ ಧಾರಾಳವಾಯಿತು. ಡಬಲ್‌ನಿಂದ (ದಶಮಾಂಶ ಸಂಖ್ಯೆಯ ಟೈಪು) ಕರೆನ್ಸಿಗೆ ಹಾಕುವಾಗ ಡೆಲ್ಫಿ ರೌಂಡ್ ಮಾಡುತ್ತದೆ, ಪಾಸ್‌ಟುಜೆಎಸ್ ನಾಲ್ಕು ದಶಮಾಂಶದ ಆಚೆಗಿನದನ್ನು ಕತ್ತರಿಸುತ್ತದೆ. ತೂಕವನ್ನು 75ರಿಂದ ಭಾಗಿಸಿ ದರದಿಂದ ಗುಣಿಸುವಲ್ಲಿ ಪೈಸೆ ತಪ್ಪಿದರೆ ಮೊದಲು ಈ ಜಾಗ ನೋಡಿ, ರೌಂಡಿಂಗನ್ನು ನೀವೇ ಬರೆಯಿರಿ.

ಇನ್ನು ‘ಶೋಮೋಡಲ್’ (ಸಂವಾದ ಕಿಟಕಿ ತೆರೆಯುವ ಆದೇಶ) ಕರೆದು ಉತ್ತರ ಬರುವವರೆಗೆ ನಿಲ್ಲುವ ಕೋಡು ಬ್ರೌಸರ್‌ನಲ್ಲಿ ನಡೆಯುವುದಿಲ್ಲ. ಅಂಥ ಕಡೆ ಉತ್ತರ ಬಂದ ಮೇಲಿನ ಕೆಲಸವನ್ನು ಬೇರೆ ಪ್ರೊಸೀಜರ್ ಮಾಡಿ, ಇಲ್ಲವೇ ಪುಟವನ್ನು ತಡೆಯದೆ ಉತ್ತರಕ್ಕೆ ಕಾಯಿಸುವ ‘ಅಸಿಂಕ್’, ‘ಅವೈಟ್’ ಬಳಸಿ.