ಮಗಳ ಮನೆಗೆ ಬರಿಗೈಯಲ್ಲಿ ಹೋಗುವುದುಂಟೇ?

ಶ್ರೀಶೈಲದ ದಾರಿಯಲ್ಲಿರುವ ಆತ್ಮಕೂರಿನ ದಾಸೋಹದ ಪೆಂಡಾಲಿನಲ್ಲಿ ಆಕೆ ನನ್ನ ಪಾದವನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಹಿಮ್ಮಡಿಯಲ್ಲಿ ಎದ್ದಿದ್ದ ಬೊಬ್ಬೆಗೆ ಸೂಜಿ ಹಾಯಿಸಿ, ಎಣ್ಣೆಯಲ್ಲಿ ಅದ್ದಿದ ದಾರವನ್ನು ಅಲ್ಲಿಯೇ ಉಳಿಸಿ ಕತ್ತರಿಸಿದರು. "ಬೆಳಗಾಗುವಷ್ಟರಲ್ಲಿ ನೀರೆಲ್ಲ ಇಳಿಯುತ್ತದೆ, ಮಲಗು ತಂಗಿ" ಎಂದರು. ಹೆಸರು ಕೇಳಿದ್ದು ಆಮೇಲೆ. ಇಂಡಿ ತಾಲ್ಲೂಕಿನವರು, ಎಪ್ಪತ್ತರ ಹತ್ತಿರದ ವಯಸ್ಸು. ನಾನು ಅಕ್ಕ ಎಂದೇ ಕರೆದೆ.

ಹುನಗುಂದ ತಾಲ್ಲೂಕಿನ ನಮ್ಮ ಊರಿನಿಂದ ಯುಗಾದಿಗೆ ಶ್ರೀಶೈಲ ಮುಟ್ಟಲು ನಡೆಯುತ್ತಿದ್ದೆ. ಇದು ನನ್ನ ಮೊದಲ ಪಾದಯಾತ್ರೆ. ಗಂಡನಿಗೆ ಎರಡು ವರ್ಷಗಳಿಂದ ಕಾಯಿಲೆ. ನಡೆದು ಬಂದು ಕೇಳಿದರೆ ಶ್ರೀಶೈಲದ ಮಲ್ಲಿಕಾರ್ಜುನ, ನಮ್ಮ ಮಲ್ಲಯ್ಯ, ಇಲ್ಲ ಎನ್ನುವುದಿಲ್ಲ ಎಂಬ ನಂಬಿಕೆ ನನ್ನದು. ದಾರಿಯುದ್ದಕ್ಕೂ ಕೇಳಬೇಕಾದ ಮಾತನ್ನೇ ಮನಸ್ಸಿನಲ್ಲಿ ಮತ್ತೆ ಮತ್ತೆ ಜೋಡಿಸುತ್ತಿದ್ದೆ.

ಅಕ್ಕನ ಬಗಲಿಗೆ ಒಂದು ಗಂಟು. ವೆಂಕಟಾಪುರ ದಾಟಿ ನಲ್ಲಮಲದ ಕಾಡು ಹೊಕ್ಕಮೇಲೂ, ನಾಗಲೂಟಿಯ ವೀರಭದ್ರನ ಮುಂದೆ ಕುಳಿತಾಗಲೂ ಅದನ್ನು ನೆಲಕ್ಕೆ ಇಡಲಿಲ್ಲ. ಪೆಚ್ಚೆರುವಿನಲ್ಲಿ ಖಡಕ್ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುವಾಗ ಬಿಚ್ಚಿ ತೋರಿಸಿದರು. ತೋಪು ತೆನೆ ಸೆರಗಿನ ಇಳಕಲ್ ಸೀರೆ, ಒಂದು ಖಣ, ಹಸಿರು ಬಳೆ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು, ಪುಟ್ಟ ಚೀಲದಲ್ಲಿ ಅಕ್ಕಿ. ಭ್ರಮರಾಂಬೆಯ ಉಡಿ ತುಂಬಲು ತಂದದ್ದು.

ನಮ್ಮ ಕಡೆ ಭ್ರಮರಾಂಬೆ ಮನೆಮಗಳು, ಮಲ್ಲಯ್ಯ ಅಳಿಯ. ಈ ಮಾತನ್ನು ಚಿಕ್ಕಂದಿನಿಂದ ಹಾಡಿನಲ್ಲಿ ಕೇಳಿದ್ದೇನೆ. ಆದರೆ ಅದನ್ನು ಹೀಗೆ ಹೊತ್ತು ನಡೆಯುವವರನ್ನು ಹತ್ತಿರದಿಂದ ಕಂಡಿರಲಿಲ್ಲ.

"ನೀವು ಮಲ್ಲಯ್ಯನಲ್ಲಿ ಏನು ಬೇಡಿಕೊಳ್ಳುತ್ತೀರಿ ಅಕ್ಕ?"

ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅಳಿಯನ ಹತ್ತಿರ ಬೇಡುವುದುಂಟೇ? ಮಗಳ ಮನೆಯಲ್ಲಿ ನೀರು ಕುಡಿಯಲೂ ಹಿಂದೆಮುಂದೆ ನೋಡಿದವರು ನಮ್ಮ ಹಿರಿಯರು. ಹೋಗುವುದು, ನೋಡುವುದು, ಕೊಟ್ಟು ಬರುವುದು."

ಮರುದಿನ ಭೀಮನ ಕೊಳ್ಳ. ಕಲ್ಲು ಮೆಟ್ಟಿಲು ಇಳಿದು, ಅಷ್ಟನ್ನೂ ಮತ್ತೆ ಹತ್ತಬೇಕು. ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದ ಪುಣ್ಯ ರೆಡ್ಡಿ ಅರಸರದು, 14ನೆಯ ಶತಮಾನದ್ದು. ಅದಕ್ಕೂ ಮೊದಲು ಅಕ್ಕ ಮಹಾದೇವಿ, ಸೊನ್ನಲಿಗೆಯ ಸಿದ್ಧರಾಮ ಈ ಬೆಟ್ಟವನ್ನು ಹೇಗೆ ಹತ್ತಿದರೋ! ನಮ್ಮ ಮುಂದೆ ಯಾರದೋ ಹೆಗಲ ಮೇಲೆ ಮಲ್ಲಯ್ಯನ ಕಂಬಿ, ಅವನ ಹೆಸರಿನಲ್ಲಿ ಹೊರುವ ಕಾವಡಿ, ಏರುತ್ತಿತ್ತು. ಗಂಟನ್ನು ನಾನು ಹೊರುತ್ತೇನೆಂದು ಕೈಚಾಚಿದೆ. ಅಕ್ಕ ಸ್ವಲ್ಪ ಹೊತ್ತು ಯೋಚಿಸಿ ಕೊಟ್ಟರು. ಎದೆಗೆ ಅವಚಿಕೊಂಡು ಹತ್ತಿದೆ. ಬೆವರು ತಾಗೀತೆಂದು ನನ್ನ ಟವೆಲನ್ನು ಅದಕ್ಕೆ ಸುತ್ತಿದೆ. ಏರಿನ ತುದಿಯ ಕೈಲಾಸ ಬಾಗಿಲು ಮುಟ್ಟಿದಾಗ ನನಗೆ ಹೊಳೆಯಿತು: ಆ ಏರಿನಲ್ಲಿ ನನ್ನ ಬೇಡಿಕೆಯ ನೆನಪು ಒಮ್ಮೆಯೂ ಬಂದಿರಲಿಲ್ಲ.

ಸಾಕ್ಷಿ ಗಣಪತಿಯ ಕೈಯಲ್ಲಿ ಲೇಖನಿ, ಪುಸ್ತಕ. ಬಂದವರ ಲೆಕ್ಕ ಬರೆದು ತಂದೆಗೆ ಒಪ್ಪಿಸುವವನು ಅವನು. ಅಕ್ಕ ತಮ್ಮ ಹೆಸರಿನ ಜೊತೆ ನನ್ನ ಹೆಸರನ್ನೂ ಗಟ್ಟಿಯಾಗಿ ಹೇಳಿ, "ಇಬ್ಬರನ್ನೂ ಒಂದೇ ಸಾಲಿನಲ್ಲಿ ಬರೆಯಪ್ಪ" ಎಂದರು.

ಗರ್ಭಗುಡಿಯ ಮುಂದೆ ನಿಲ್ಲಲು ಸಿಕ್ಕದ್ದು ಉಸಿರೆಳೆದು ಬಿಡುವಷ್ಟು ಹೊತ್ತು. ಹನ್ನೆರಡು ದಿನ ಜೋಡಿಸಿದ್ದ ಮಾತು ಬಾಯಿಗೆ ಬರಲಿಲ್ಲ. ಹೊರಟದ್ದು ಒಂದೇ ಮಾತು: "ಮಲ್ಲಯ್ಯಾ, ಆರಾಮ ಇದ್ದೀಯಾ?" ಹಿಂದಿನವರು ತಳ್ಳಿದರು, ಹೊರಗೆ ಬಂದೆ. ಅಳು ತಡೆಯಲಾಗಲಿಲ್ಲ. ಕೇಳದೆ ಬಂದೆನಲ್ಲ ಎಂಬ ದುಃಖವಲ್ಲ ಅದು. ನನ್ನ ಮನೆಯ ಕಷ್ಟ ಅವನಿಗೆ ಗೊತ್ತಿದೆ ಎಂಬುದು ಆ ಕ್ಷಣ ನನ್ನೊಳಗೆ ಅನುಮಾನವಿಲ್ಲದೆ ಕುಳಿತಿತ್ತು.

ಹಿಂದಿನ ಮೆಟ್ಟಿಲು ಹತ್ತಿ ಅಮ್ಮನ ಗುಡಿಗೆ ಹೋದೆವು. ಸೀರೆ ಕೊಡುವ ಮುನ್ನ ಅಕ್ಕ ಅದರ ಮಡಿಕೆಯನ್ನು ಅಂಗೈಯಿಂದ ಮೂರು ಸಲ ಸವರಿದರು. ಅರ್ಚಕರು ಕುಂಕುಮ ಕೊಟ್ಟರು. ಅಕ್ಕ ಅದನ್ನು ಮೊದಲು ನನ್ನ ಹಣೆಗೆ ಹಚ್ಚಿದರು.

ಬಸ್ ನಿಲ್ದಾಣದಲ್ಲಿ ವಿಜಯಪುರದ ಬಸ್ಸು ಮೊದಲು ಬಂತು. ಕಿಟಕಿಯಿಂದ ತಲೆ ಹೊರಹಾಕಿ ಕೂಗಿದರು: "ಮುಂದಿನ ವರ್ಷ ಆತ್ಮಕೂರಿನಲ್ಲಿ ಕಾಯುತ್ತೇನೆ ತಂಗಿ. ಸೀರೆ ನಾನು ತರುತ್ತೇನೆ, ಖಣ ನೀನು ತಾ."